ಕೇಳದೆ ಒಯ್ದ ಕೂಗು

ಬೂಮ್ ಕಣಿವೆಯಿಂದ ನುಗ್ಗುವ ಉಲಾನ್ ಗಾಳಿಗೂ ಕುಲಿಪಾಳ ನಾಲಿಗೆಗೂ ಮುಖ ಕೊಟ್ಟು ನಿಲ್ಲಬಾರದು ಅಂತ ಸರೋವರದ ದಂಡೆಯ ಬಾಲಿಕ್ಚಿ ಊರಿನಲ್ಲಿ ಒಂದು ಮಾತಿತ್ತು. ಗಾಳಿಯಾದರೂ ಬೀಸಿ ಬೀಸಿ ದಣಿಯುತ್ತದೆ, ಇವಳು ದಣಿಯುವವಳಲ್ಲ ಎಂದು ಅದಕ್ಕೊಂದು ಬಾಲ ಸೇರಿಸುತ್ತಿದ್ದರು. ಕುಲಿಪಾಳ ಕಿವಿಗೂ ಅದು ಬಿದ್ದಿತ್ತು. ಅವಳು ಅದನ್ನು ಹೊಗಳಿಕೆ ಎಂದೇ ಎಣಿಸಿದ್ದಳು.

ಮುಚ್ಚಿಹೋದ ಉಣ್ಣೆ ಕಾರ್ಖಾನೆಯ ಹಿಂಗೋಡೆಗೆ ಒತ್ತಿಕೊಂಡು ಒಂದು ಕಬ್ಬಿಣದ ಕಂಟೇನರ್ ನಿಂತಿತ್ತು. ಅದೇ ಅವಳ ಅಂಗಡಿ. ಅಪ್ಪ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು; ದೋಣಿಗಳು ನಿಂತ ಮೇಲೆ ಮೋಟರ್‌ಸೈಕಲ್ಲಿಗೆ ಕೈ ಹಾಕಿದ. ಅವನು ಸತ್ತಾಗ ಸ್ಪ್ಯಾನರುಗಳು, ಬದಿಗೆ ಒಬ್ಬರು ಕೂರುವಂಥ ತೊಟ್ಟಿಲು ಕಟ್ಟಿದ ಹಳೆಯ ಉರಾಲ್ ಬೈಕು, ಮತ್ತು ಇನ್ನೂ ಮೀಸೆ ಮೂಡದ ತಮ್ಮ ಶೇರಾಲಿ, ಮೂರೂ ಒಟ್ಟಿಗೆ ಕುಲಿಪಾಳ ಪಾಲಿಗೆ ಬಂದವು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಆಮೇಲೆ ಒಂದು ಮದುವೆಯೂ ಆಯಿತು. ಅಂಗಡಿಯೋ ಮನೆಯೋ ಯಾವುದಾದರೂ ಒಂದು ಆರಿಸಿಕೋ ಎಂದು ಗಂಡ ಒಂದು ದಿನ ಗುಡುಗಿದ. ಕುಲಿಪಾ ಅವನ ಬಟ್ಟೆಬರೆ ಗಂಟು ಕಟ್ಟಿ, ಗಂಟನ್ನೂ ಅವನನ್ನೂ ಉರಾಲಿನ ತೊಟ್ಟಿಲಲ್ಲಿ ಕೂರಿಸಿ, ಅವನ ಅಮ್ಮನ ಬಾಗಿಲಿಗೆ ಒಪ್ಪಿಸಿ ಬಂದಳು. ಅತ್ತೆ ಚಹಾಕ್ಕೆ ಕರೆದರೆ, ಕೆಲಸ ಇದೆ ಎಂದು ಹೊರಟುಬಿಟ್ಟಳಂತೆ.

ಭಾನುವಾರ ಅವಳ ಅಂಗಡಿಯ ಮುಂದೆ ಊರಿನ ಬೈಕುಗಳೆಲ್ಲ ಸೇರುತ್ತಿದ್ದವು. ಅಜ್ಜಂದಿರ ಕಾಲದ ಇಝ್‌ಗಳು, ಚೀನಾದಿಂದ ಬಂದ ತೆಳ್ಳಗಿನ ಬೈಕುಗಳು, ಯಾವ ಕಂಪನಿಯದು ಎಂದು ಒಡೆಯನಿಗೇ ಗೊತ್ತಿಲ್ಲದ ಕಸಿ ಬೈಕುಗಳು. ಹುಡುಗರು ಒಣಮೀನು ಕಚ್ಚಿಕೊಂಡು ಕಾರ್ಬೊರೇಟರಿನ ಬಗ್ಗೆ ಜಗಳ ಕಾಯುತ್ತಿದ್ದರು. ಆಮೇಲೆ ಸಾಲಾಗಿ ಸರೋವರದ ದಂಡೆಗುಂಟ ಹೋಗಿ ಬರುತ್ತಿದ್ದರು. ಆ ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ: ದಾರಿಯಲ್ಲಿ ಬಿದ್ದವನನ್ನು ದಾಟಿ ಹೋಗಬಾರದು. ಅವನು ಶತ್ರುವಾದರೂ ಸರಿ, ಮೊದಲು ಎತ್ತಬೇಕು, ಆಮೇಲೆ ಬೇಕಾದರೆ ಬೈಯಬೇಕು. ಈ ಕಟ್ಟಳೆ ಕುಲಿಪಾಳ ಅಪ್ಪನದು.

ಶೇರಾಲಿ ರೈಲು ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ. ನಾಲ್ಕು ಜನರ ನಡುವೆ ಕೂತರೆ ಅವನು ಅಲ್ಲಿದ್ದಾನೆಂಬುದೇ ಮರೆತುಹೋಗುವಷ್ಟು ಮೆತ್ತಗಿನ ಹುಡುಗ. ಆದರೆ ಬೈಕಿನ ಮೇಲೆ ಕೂತನೆಂದರೆ ಬೇರೆಯವನೇ. ಸೀಟಿನ ಮೇಲೆ ನಿಂತು ಎರಡೂ ಕೈ ಬಿಟ್ಟು ಸಾಗುತ್ತಿದ್ದ, ಮುಂದಿನ ಚಕ್ರ ಎತ್ತಿ ಕಾರ್ಖಾನೆಯ ಅಂಗಳವನ್ನು ಸುತ್ತುತ್ತಿದ್ದ, ಹಳೆಯ ಕಾಲುವೆಯನ್ನು ಹಾರುತ್ತಿದ್ದ. ಅಕ್ಕ ಬೈಯುತ್ತಲೇ ಅವನ ಬೈಕಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿಕೊಡುತ್ತಿದ್ದಳು.

ಸಂಜಾರ್ ಆ ಊರಿಗೆ ಬಂದದ್ದು ಚೈನು ಕಡಿದ ಬೈಕನ್ನು ತಳ್ಳಿಕೊಂಡು. ರಾಜಧಾನಿ ಬಿಷ್ಕೆಕ್‌ನವನು, ಮೂವತ್ತು ದಾಟಿರಲಿಲ್ಲ, ಸಿನಿಮಾ ಮಾಡಬೇಕೆಂದು ಊರೂರು ತಿರುಗುತ್ತಿದ್ದ. ಅವನ ಹಿಂದೆ ಸ್ಟುಡಿಯೋ ಇರಲಿಲ್ಲ, ಸರ್ಕಾರ ಇರಲಿಲ್ಲ. ಗೆನಾ ಎಂಬ ಒಬ್ಬ ಕ್ಯಾಮೆರಾದವನು, ಬೆಗಾಯಿ ಎಂಬ ಒಬ್ಬ ನಟಿ, ಮದುವೆ ಫೋಟೋದವನಿಂದ ಎರವಲು ತಂದ ದೀಪಗಳು, ಇಷ್ಟೇ. ಇಡೀ ತಂಡ ಒಂದು ವ್ಯಾನಿನಲ್ಲಿ ಹಿಡಿಯುತ್ತಿತ್ತು. ಕುಲಿಪಾ ಚೈನು ಕೂಡಿಸುತ್ತಿದ್ದಾಗ ಅಂಗಳದಲ್ಲಿ ಶೇರಾಲಿ ಬೈಕು ಕುಣಿಸುತ್ತಿದ್ದ. ಸಂಜಾರ್ ಅದನ್ನು ನೋಡುತ್ತ ನಿಂತವನು ಬೈಕು ಸರಿಯಾದರೂ ಹೊರಡಲಿಲ್ಲ.

ಅವನ ಕಥೆ ಇಂಥ ಒಂದು ಊರಿನ ಮರಾತ್ ಎಂಬ ಬೈಕ್ ಹುಡುಗನದು. ಮರಾತ್‌ನ ಪಾತ್ರಕ್ಕೆ ರಾಜಧಾನಿಯಿಂದ ಬಂದ ನಟ ನೋಡಲು ಚೆನ್ನಾಗಿದ್ದ, ಆದರೆ ತಿರುವಿನಲ್ಲಿ ಎರಡೂ ಕಾಲು ನೆಲಕ್ಕೆ ಊರುತ್ತಿದ್ದ. ಹಾಗಾಗಿ ಹೆಲ್ಮೆಟ್ ಹಾಕಿದ ಮರಾತ್ ಶೇರಾಲಿಯಾದ. ಓಡುವ ಬೈಕಿನ ಚಿತ್ರ ಹಿಡಿಯಲು ಪಕ್ಕದಲ್ಲಿ ಇನ್ನೊಂದು ಗಾಡಿ ಬೇಕಿತ್ತು. ಗೆನಾ ಕ್ಯಾಮೆರಾ ತಬ್ಬಿಕೊಂಡು ಉರಾಲಿನ ತೊಟ್ಟಿಲಲ್ಲಿ ಕೂತ, ಉರಾಲ್ ಓಡಿಸಿದವಳು ಕುಲಿಪಾ.

ಆ ಬೇಸಿಗೆ ಅವಳು ಸಂತೋಷವಾಗಿದ್ದಳು. ಇದನ್ನು ಆಮೇಲೆ ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ, ಆದರೆ ನೋಡಿದವರಿಗೆ ಗೊತ್ತು. ಸಂಜಾರ್ ಅವರ ಮನೆಯಲ್ಲೇ ಉಂಡ, ಉಂಡ ಬಟ್ಟಲನ್ನು ತಾನೇ ತೊಳೆದ, ಪ್ರತಿ ದೃಶ್ಯಕ್ಕೂ ಅಕ್ಕಾ ಇದು ಹೀಗೆ ನಡೆಯುತ್ತದಾ ಎಂದು ಕೇಳಿದ. ಈ ಮಾತು ಇಲ್ಲಿಯ ಹುಡುಗ ಆಡುವುದಿಲ್ಲ, ಈ ಗಾಳಿಯಲ್ಲಿ ಯಾರೂ ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಓಡಿಸುವುದಿಲ್ಲ ಎಂದು ಅವಳು ತಿದ್ದಿದಳು. ಅವನು ತಿದ್ದಿಸಿಕೊಂಡ. ಅವಳ ಸಿಟ್ಟನ್ನು ಸಹಿಸಿಕೊಂಡವರು ಬಹಳ ಮಂದಿ ಇದ್ದರು, ಅದಕ್ಕೆ ಕಿವಿಗೊಟ್ಟವನು ಇವನೊಬ್ಬನೇ. ನಿನ್ನ ಸಿನಿಮಾದಲ್ಲಿ ನನ್ನ ಬೈಗುಳ ಒಂದೇ ನಿಜ, ಉಳಿದದ್ದೆಲ್ಲ ಬಣ್ಣ ಎಂದು ಅವಳು ಹಂಗಿಸಿದರೆ, ಬೈಗುಳವನ್ನೂ ಹಾಕಿಬಿಡೋಣ ಅಕ್ಕಾ ಎಂದು ಅವನು ನಗುತ್ತಿದ್ದ.

ಚಿತ್ರೀಕರಣ ಮುಗಿಯುತ್ತ ಬಂದಾಗ ಒಂದು ಹಾರುವ ದೃಶ್ಯ ಉಳಿದಿತ್ತು. ರೈಲು ಹಳಿಯ ದಿಬ್ಬದಿಂದ ಹಾರಿ ಕೆಳಗಿನ ಮಣ್ಣುದಾರಿಗೆ ಇಳಿಯಬೇಕು. ಅವತ್ತು ಮಧ್ಯಾಹ್ನದಿಂದಲೇ ಉಲಾನ್ ಗಾಳಿ ಎದ್ದಿತ್ತು. ಕುಲಿಪಾ ಬೇಡವೆಂದಳು. ನಾಳೆ ತಂಡ ಊರಿಗೆ ಹೊರಡುತ್ತದೆ, ಇಂಥ ಬೆಳಕೂ ಸಿಗುವುದಿಲ್ಲ ಎಂದು ಸಂಜಾರ್ ಬೇಡಿಕೊಂಡ. ಶೇರಾಲಿ ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದ. ಮೊದಲ ಸಲ ಹಾರಿದ, ಹೂವಿನ ಹಾಗೆ ಇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಒಂದಿಷ್ಟು ಅಲುಗಿದೆ, ಇನ್ನೊಂದು ಸಲ ಆಗಲಿ ಎಂದ ಸಂಜಾರ್.

ಎರಡನೆಯ ಸಲ ಬೈಕು ದಿಬ್ಬ ಬಿಟ್ಟು ಗಾಳಿಯಲ್ಲಿದ್ದಾಗಲೇ ಉಲಾನ್ ಅದನ್ನು ಬದಿಯಿಂದ ಹೊಡೆಯಿತು. ಶೇರಾಲಿ ಓರೆಯಾಗಿ ಬಿದ್ದ, ಬೈಕು ಅವನ ಎಡಗಾಲಿನ ಮೇಲೆ ಬಿತ್ತು. ಪಕ್ಕದಲ್ಲೇ ಉರಾಲ್ ಓಡಿಸುತ್ತಿದ್ದ ಕುಲಿಪಾ ಬ್ರೇಕು ತುಳಿದು, ಕೆಳಕ್ಕೆ ಜಿಗಿದು, ತಮ್ಮನ ಹೆಸರು ಕೂಗುತ್ತ ಓಡಿದಳು. ಅಂಥ ಕೂಗು ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅಪ್ಪ ಸತ್ತಾಗಲೂ ಅದು ಹೊರಬಿದ್ದಿರಲಿಲ್ಲ. ಬೈಕು ಎತ್ತಲು ಒಬ್ಬಳಿಂದ ಆಗದೆ ಸಹಾಯಕ್ಕೆಂದು ತಿರುಗಿ ನೋಡಿದರೆ, ಗೆನಾ ತೊಟ್ಟಿಲಿನಿಂದ ಇಳಿದು ಮೊಣಕಾಲೂರಿ ಕೂತಿದ್ದ, ಕ್ಯಾಮೆರಾ ಇವರತ್ತಲೇ ನೆಟ್ಟಿತ್ತು. ಸಂಜಾರ್ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲಷ್ಟೇ ಅವನು ಓಡಿಬಂದ.

ಆ ಸ್ವಲ್ಪ ಹೊತ್ತು ಕುಲಿಪಾಳ ಎದೆಯಲ್ಲಿ ಮುಳ್ಳಾಗಿ ಮುರಿದು ಉಳಿಯಿತು.

ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಸಂಜಾರ್ ಆಸ್ಪತ್ರೆಗೆ ಮತ್ತೆ ಮತ್ತೆ ಬಂದ, ಮಂಚದ ಪಕ್ಕ ಕೂತು ಅತ್ತ. ಬಿದ್ದ ಆ ತುಣುಕು ಸಿನಿಮಾದಲ್ಲಿ ಬರುವುದಿಲ್ಲ ಎಂದು ತನ್ನ ತಾಯಿಯ ಮೇಲೆ ಆಣೆ ಹಾಕಿದ. ಕುಲಿಪಾ ಆಣೆಯನ್ನು ನಂಬಿದಳು. ಬೈದು ಕಳಿಸಿದಳಾದರೂ ನಂಬಿದಳು.

ಎರಡು ಚಳಿಗಾಲ ಕಳೆದವು. ಶೇರಾಲಿ ಕೋಲೂರಿ ನಡೆಯುವುದನ್ನು ಕಲಿತ. ಯಾರ್ಡಿನಲ್ಲಿ ಇನ್ನು ಅವನಿಗೆ ಕೆಲಸವಿರಲಿಲ್ಲ. ಅಕ್ಕನ ಅಂಗಡಿಯಲ್ಲಿ ಕೂತು ಬೋಲ್ಟು ತೊಳೆಯುತ್ತಿದ್ದ. ಅಷ್ಟರಲ್ಲಿ ಸಿನಿಮಾ ಸಿದ್ಧವಾಗಿದೆ, ಹೊರದೇಶಗಳಲ್ಲಿ ಮೆಚ್ಚಿದ್ದಾರೆ, ಈಗ ಬಾಲಿಕ್ಚಿಯವರಿಗೆ ತೋರಿಸುತ್ತಾರೆ ಎಂದು ಸುದ್ದಿ ಬಂತು. ಸಿನಿಮಾ ತೋರಿಸುವ ಮಧ್ಯಾಹ್ನ ಊರಿನ ಕಲಾಭವನ ಕಿಕ್ಕಿರಿಯಿತು. ಬೈಕುಗಳು ಹೊರಗೆ ಸಾಲುಗಟ್ಟಿ ನಿಂತವು. ಅಕ್ಕತಮ್ಮಂದಿರಿಗೆ ಮುಂದಿನ ಸಾಲು. ಕುಲಿಪಾ ಅವತ್ತು ಉಗುರಿನ ಸಂದಿಯ ಗ್ರೀಸು ಕೂಡ ಉಜ್ಜಿ ತೆಗೆದಿದ್ದಳು.

ಸಿನಿಮಾ ಶುರುವಾಯಿತು. ತಮ್ಮ ಬೀದಿ, ತಮ್ಮ ನಾಯಿ, ತಮ್ಮ ಕಂಟೇನರ್ ತೆರೆಯ ಮೇಲೆ ಕಂಡಾಗೆಲ್ಲ ಜನ ಕೇಕೆ ಹಾಕಿದರು. ಅಷ್ಟರಲ್ಲಿ ಬೆಗಾಯಿ ನಾಯಕನನ್ನು ಹೆಸರು ಹಿಡಿದು ಕರೆದಳು: ಶೇರಾಲಿ. ಮರಾತ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಊರಿನ ಹುಡುಗನಿಗೆ ಕೊಟ್ಟ ಮರ್ಯಾದೆ ಎಂದು ಜನ ಸೀಟಿ ಹೊಡೆದರು, ಹಿಂದಿನ ಸಾಲಿನಿಂದ ಯಾರೋ ಶೇರಾಲಿಯ ಭುಜ ತಟ್ಟಿದರು. ಕುಲಿಪಾಳ ಕಣ್ಣೂ ಹನಿಗೂಡಿತು. ಒಳ್ಳೆಯ ಕೆಲಸ ಮಾಡಿದ ಎಂದುಕೊಂಡಳು.

ಕೊನೆಗೆ ರೈಲು ದಿಬ್ಬ ಬಂತು. ಬೈಕು ಹಾರಿತು. ಗಾಳಿ ಹೊಡೆಯಿತು. ಅವಳ ತಮ್ಮ ಅವಳ ಕಣ್ಣೆದುರು ಮತ್ತೊಮ್ಮೆ ಓರೆಯಾಗಿ ಬಿದ್ದ, ಕಾಲು ಮುರಿಯುವುದು ಕಂಡಿತು. ಅವಳು ಓಡಿಬಂದದ್ದನ್ನು ಕತ್ತರಿಸಿ ತೆಗೆದಿದ್ದರು. ಅವಳಿದ್ದ ಜಾಗದಲ್ಲಿ ಬೆಗಾಯಿಯ ಮುಖ, ತೆರೆ ತುಂಬುವಷ್ಟು ದೊಡ್ಡದು. ಬೆಗಾಯಿ ಬಾಯಿ ತೆರೆದಳು. ಆ ಬಾಯಿಯಿಂದ ಹೊರಬಂದದ್ದು ಕುಲಿಪಾಳ ಕೂಗು.

ನಾಯಕನ ಹೆಸರು ಯಾಕೆ ಬದಲಾಯಿತೆಂದು ಅವಳಿಗೆ ಆಗ ತಿಳಿಯಿತು. ಅದು ಮರ್ಯಾದೆಯಾಗಿರಲಿಲ್ಲ. ಅವಳು ಕೂಗಿದ್ದು ಶೇರಾಲಿ ಎಂದು. ಆ ಕೂಗು ಬಿಡಲು ಮನಸ್ಸಿಲ್ಲದೆ, ಅದಕ್ಕೆ ಹೊಂದುವಂತೆ ಇಡೀ ಸಿನಿಮಾದಲ್ಲಿ ನಾಯಕನ ಹೆಸರು ತಿದ್ದಿದ್ದರು.

ಸಭೆಯಲ್ಲಿ ಯಾರೋ ಹೆಂಗಸು ಬಿಕ್ಕುತ್ತಿದ್ದಳು. ಕುಲಿಪಾ ಎದ್ದಳು. ನಡುದಾರಿಯಲ್ಲಿ ನಡೆದುಹೋಗಿ, ಮೇಜಿನ ಮೇಲಿದ್ದ ಪ್ರೊಜೆಕ್ಟರಿನ ವೈರನ್ನು ಕಿತ್ತಳು. ತೆರೆ ಕಪ್ಪಾಯಿತು. ಯಾರೋ ಕಿಟಕಿಯ ಪರದೆ ಸರಿಸಿದಾಗ ಎಲ್ಲರೂ ಅವಳನ್ನು ನೋಡುತ್ತಿದ್ದರು. ಸಂಜಾರ್ ಗೋಡೆಗೊರಗಿ ನಿಂತಿದ್ದ.

"ನಿಮ್ಮಮ್ಮ ಬದುಕಿದ್ದಾಳಾ?" ಎಂದು ಕೇಳಿದಳು ಕುಲಿಪಾ.

"ಇದ್ದಾರೆ, ಅಕ್ಕ."

"ಅವಳ ಮೇಲೆ ಆಣೆ ಹಾಕಿದ್ಯಲ್ಲ, ಅದಕ್ಕೆ ಕೇಳ್ದೆ."

ಸಂಜಾರ್ ತಲೆ ತಗ್ಗಿಸಿದ. ಆ ತುಣುಕಿಲ್ಲದೆ ಸಿನಿಮಾ ನಿಲ್ಲುತ್ತಿರಲಿಲ್ಲ, ಬೇರೆ ಎಷ್ಟೋ ರೀತಿ ಮಾಡಿ ನೋಡಿದೆ, ಅದು ಬಂದಾಗಲೇ ಎಲ್ಲಕ್ಕೂ ಜೀವ ಬಂತು ಎಂದೆಲ್ಲ ಅವನು ತಡವರಿಸಿದ. ಇದು ನಿಮ್ಮಿಬ್ಬರಿಗೆ ನಾನು ಸಲ್ಲಿಸಿದ ಗೌರವ ಎಂದೂ ಹೇಳಿದ. ಆ ಮಾತು ಕೇಳಿ ಕುಲಿಪಾ ವೈರನ್ನು ಕೈಗೆ ಸುತ್ತಿಕೊಳ್ಳುತ್ತ, ಬಿದ್ದವನನ್ನು ಎತ್ತುವುದು ಬಿಟ್ಟು ನೋಡುತ್ತ ನಿಂತವನು ಗೌರವದ ಮಾತಾಡಬಾರದು ಎಂದಳು.

ಆಗ ಮುಂದಿನ ಸಾಲಿನಿಂದ ಶೇರಾಲಿ ಮಾತಾಡಿದ. ಅವನ ದನಿಯನ್ನು ಅಲ್ಲಿ ಎಷ್ಟೋ ಜನ ಮೊದಲ ಸಲ ಕೇಳಿದ್ದು.

"ಅಕ್ಕ, ವೈರ್ ಹಾಕು. ನಾನಿನ್ನೂ ಪೂರ್ತಿ ನೋಡಿಲ್ಲ."

ಅವಳು ವೈರು ಹಿಡಿದುಕೊಂಡೇ ಅವನತ್ತ ತಿರುಗಿದಳು.

"ಅವನು ನನ್ನ ಕೇಳಿದ್ದ," ಎಂದ ಶೇರಾಲಿ. "ಹೋದ ವರ್ಷ ಫೋನ್ ಮಾಡಿದ್ದ. ಹಾಕ್ಕೋ ಅಂದೆ. ನಿಂಗೆ ಹೇಳಿದ್ರೆ ಕುಣಿತೀಯ ಅಂತ ಹೇಳ್ಲಿಲ್ಲ. ಹೆಂಗೂ ಮುರೀತಲ್ಲ ಕಾಲು, ಯಾರಾದ್ರೂ ನೋಡ್ಲಿ ಬಿಡು. ಇಷ್ಟು ವರ್ಷ ನನ್ನ ಯಾರು ನೋಡಿದ್ರು ಹೇಳು."

ಕುಲಿಪಾ ತಮ್ಮನನ್ನು ನೋಡಿದಳು, ಅವನ ಕೋಲನ್ನು ನೋಡಿದಳು. ಸಿಟ್ಟನ್ನು ಎಲ್ಲಿ ಇಡಬೇಕೆಂದು ಒಂದು ಕ್ಷಣ ಅವಳಿಗೆ ತಿಳಿಯಲಿಲ್ಲ. ಆಮೇಲೆ ಸಂಜಾರನ ಕಡೆ ತಿರುಗಿದಳು.

"ಸರಿ. ಕಾಲು ಅವನದು, ಕೊಟ್ಟ. ಕೂಗು ನಂದಲ್ವಾ? ಅದನ್ನ ಯಾರನ್ನ ಕೇಳಿ ತಗೊಂಡೆ?"

ಸಂಜಾರ್ ಒಂದೊಂದು ಸಂಭಾಷಣೆಗೂ ಅವಳನ್ನು ಕೇಳಿದವನು ಇದೊಂದನ್ನು ಕೇಳಿರಲಿಲ್ಲ. ಕೇಳಿದರೆ ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಕೇಳಿರಲಿಲ್ಲ.

ಕುಲಿಪಾ ವೈರನ್ನು ಮೇಜಿನ ಮೇಲೆ ಎಸೆದು ಹೊರಗೆ ನಡೆದಳು. ಬೈಕುಗಳ ಸಾಲಿನ ಹತ್ತಿರ ನಿಂತು ಗಾಳಿಗೆ ಮುಖ ಕೊಟ್ಟಳು. ಒಳಗೆ ಮತ್ತೆ ಸಿನಿಮಾ ಶುರುವಾಯಿತು. ಬಿಟ್ಟುಹೋದದ್ದನ್ನು ತೋರಿಸಲೆಂದು ಒಂದಿಷ್ಟು ಹಿಂದಿನಿಂದಲೇ ಹಾಕಿದರೇನೋ, ಗೋಡೆಯಾಚೆಯಿಂದ ಅವಳ ಕೂಗು ಇನ್ನೊಮ್ಮೆ ಕೇಳಿತು. ಆಮೇಲೆ ಚಪ್ಪಾಳೆ.

ಆಮೇಲಿನ ದಿನಗಳು ಕೆಟ್ಟವು. ಅಕ್ಕತಮ್ಮಂದಿರು ಒಂದೇ ಒಲೆಯ ಅನ್ನ ಉಣ್ಣುತ್ತ ಮಾತು ಬಿಟ್ಟರು. ಸಂಜಾರ್ ಊರೂರಿಗೆ ಸಿನಿಮಾ ಒಯ್ಯುತ್ತಿದ್ದ, ಶೇರಾಲಿಯನ್ನೂ ಕರೆದೊಯ್ಯುತ್ತಿದ್ದ. ಕೊಚ್ಕೋರಿನಲ್ಲಿ, ನಾರಿನ್‌ನಲ್ಲಿ, ಸಿನಿಮಾ ಮುಗಿದ ಮೇಲೆ ಶೇರಾಲಿ ಕೋಲೂರಿ ತೆರೆಯ ಮುಂದೆ ಬಂದು ನಿಲ್ಲುತ್ತಿದ್ದ, ಜನ ಎದ್ದು ನಿಲ್ಲುತ್ತಿದ್ದರು. ಮುದುಕಿಯರು ಅವನ ಹಣೆ ಮುಟ್ಟಿ ಹರಸುತ್ತಿದ್ದರು. ಅವನು ಜೇಬು ತುಂಬ ಒಣಗಿಸಿದ ಮೊಸರುಂಡೆ ತುಂಬಿಕೊಂಡು, ಮುಖ ತುಂಬ ಬೆಳಕು ತುಂಬಿಕೊಂಡು ಮನೆಗೆ ಬರುತ್ತಿದ್ದ. ಕುಲಿಪಾ ಆ ಬೆಳಕನ್ನು ನೋಡುತ್ತಿದ್ದಳು. ಅದನ್ನು ಆರಿಸುವ ಮನಸ್ಸು ಅವಳಿಗೆ ಬರಲಿಲ್ಲ. ಅದರಿಂದ ಅವಳ ಸಿಟ್ಟು ಇಳಿಯುವ ಬದಲು ಇನ್ನಷ್ಟು ಬೆಳೆಯಿತು. ತನ್ನ ಮನೆಯ ದೀಪಕ್ಕೆ ಕಳ್ಳನೇ ಎಣ್ಣೆ ಹೊಯ್ಯುತ್ತಿದ್ದರೆ ಯಾರಿಗೆ ತಾನೆ ನಿದ್ದೆ ಹತ್ತುತ್ತದೆ?

ಊರಿನವರೂ ಅವಳ ಪಕ್ಷಕ್ಕೆ ನಿಲ್ಲಲಿಲ್ಲ. ಒಂದು ಕೂಗಿಗೆ ಇಷ್ಟು ರಂಪವೇ ಎಂದರು. ಊರಿಗೆ ಹೆಸರು ಬಂತು, ತಮ್ಮನಿಗೆ ಹೆಸರು ಬಂತು, ತನ್ನ ಮುಖ ಬರಲಿಲ್ಲವೆಂದು ಇವಳಿಗೆ ಹೊಟ್ಟೆಕಿಚ್ಚು ಎಂದೂ ಕೆಲವರು ಆಡಿಕೊಂಡರು. ಹಾಗೆ ಆಡಿದವರ ಬೈಕುಗಳನ್ನು ಅವಳು ಮುಟ್ಟಲಿಲ್ಲ. ಭಾನುವಾರದ ಸಾಲು ಅರ್ಧಕ್ಕೆ ಇಳಿಯಿತು.

ವಸಂತದ ಹೊತ್ತಿಗೆ ಯಾರೋ ಆ ದೃಶ್ಯವನ್ನು ಕತ್ತರಿಸಿ ಫೋನಿನಿಂದ ಫೋನಿಗೆ ಹರಿಬಿಟ್ಟರು. ಆಮೇಲೆ ಚಿತ್ರವೂ ಉದುರಿಹೋಗಿ ಬರೀ ಕೂಗು ಉಳಿಯಿತು. ಸಂತೆಯಲ್ಲಿ ಯಾರಾದರೂ ಎಡವಿದರೆ ಅದನ್ನು ಹಾಕಿ ನಗುವುದು ಒಂದು ಆಟವಾಯಿತು. ಕುಲಿಪಾ ಈರುಳ್ಳಿ ಕೊಳ್ಳುತ್ತಿದ್ದಾಗ ಒಮ್ಮೆ ಬೆನ್ನ ಹಿಂದೆಯೇ ಅದು ಮೊಳಗಿತು. ಅವಳು ಈರುಳ್ಳಿ ಅಲ್ಲೇ ಬಿಟ್ಟು ಬಂದಳು. ಯಾರನ್ನೂ ಬೈಯಲಿಲ್ಲ. ಅವಳು ಬೈಯದೆ ಹೋದದ್ದನ್ನು ಕಂಡ ಈರುಳ್ಳಿಯವಳು, ಅವತ್ತು ನನಗೆ ಹೆದರಿಕೆಯಾಯಿತು ಎಂದು ಆಮೇಲೆ ಹೇಳಿದಳು.

ಒಂದು ಬೆಳಿಗ್ಗೆ ಟ್ಯಾಕ್ಸಿ ಓಡಿಸುವ ಕಾಬಿಲ್ ತನ್ನ ಬೈಕಿನ ಕ್ಲಚ್ಚು ಕೆಟ್ಟಿದೆಯೆಂದು ಅಂಗಡಿಗೆ ಬಂದ. ಕುಲಿಪಾ ಬೈಕಿನ ಕೆಳಗೆ ಮಲಗಿ ಕೈಯಾಡಿಸುತ್ತಿದ್ದಳು. ಶೇರಾಲಿ ಬಾಗಿಲಲ್ಲಿ ಕೂತು ಬೋಲ್ಟು ತೊಳೆಯುತ್ತಿದ್ದ. ಅಷ್ಟರಲ್ಲಿ ಕಾಬಿಲನ ಫೋನು ಮೊಳಗಿತು. ಯಾರಾದರೂ ಕರೆದರೆ ಮೊಳಗುವ ದನಿಯಾಗಿ ಅವನು ಆ ಕೂಗನ್ನೇ ಇಟ್ಟುಕೊಂಡಿದ್ದ. ಬೈಕಿನ ಕೆಳಗಿದ್ದ ಕೈ ನಿಂತುಹೋಯಿತು. ಕಾಬಿಲ್ ನಾಚಲೂ ಇಲ್ಲ.

"ಏನೇ ಹೇಳು ಕುಲಿಪಾ, ಭಾರಿ ಗಂಟಲು ನಿಂದು. ಇದು ಹೊಡ್ಕೊಂಡ್ರೆ ನನ್ ಹೆಂಡ್ತಿ ಪಕ್ಕದ ಬೀದೀಲಿದ್ರೂ ಓಡಿಬರ್ತಾಳೆ."

ಶೇರಾಲಿ ಅಲ್ಲಿಯವರೆಗೆ ಆ ಕೂಗನ್ನು ತೆರೆಯ ಮೇಲಷ್ಟೇ ಕೇಳಿದ್ದ, ಬಿದ್ದ ಗಳಿಗೆಯಲ್ಲಿ ಅವನಿಗೆ ಎಚ್ಚರವೇ ಇರಲಿಲ್ಲ. ಅಲ್ಲಿ ಅದು ಬೆಗಾಯಿಯದಾಗಿತ್ತು, ಕಥೆಯದಾಗಿತ್ತು. ಈಗ ಅದು ಬೈಕಿನ ಕೆಳಗಿನಿಂದ ಚಾಚಿಕೊಂಡಿದ್ದ ಆ ಎರಡು ಸವೆದ ಬೂಟುಗಳದೆಂದು ಅವನಿಗೆ ಕಂಡಿತು. ಬೂಟುಗಳು ಅಲುಗುತ್ತಿರಲಿಲ್ಲ. ಅವನು ಎದ್ದ, ಕೋಲು ಹುಡುಕದೆ ಕುಂಟುತ್ತಲೇ ಹೋಗಿ ಕಾಬಿಲನ ಕೈಯಿಂದ ಫೋನು ಕಿತ್ತು, ಬೋಲ್ಟು ತೊಳೆಯುವ ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದ.

ಕಾಬಿಲ್ ಅವನ ಕೊರಳಪಟ್ಟಿ ಹಿಡಿದ. ಶೇರಾಲಿ ಬಿಡಿಸಿಕೊಳ್ಳಲಿಲ್ಲ.

"ಹೊಡಿ," ಎಂದ. "ನಾನ್ ಬಿದ್ದಾಗ ಅವಳು ಕೂಗಿದ್ದು. ನೀನು ಹೆಂಡ್ತಿ ಕರಿಯೋಕೆ ಇಟ್ಕೊಂಡಿದ್ದೀಯ. ಹೊಡಿ, ಆಮೇಲೆ ನಾನೂ ಹೊಡೀತೀನಿ."

ಕುಲಿಪಾ ಬೈಕಿನ ಕೆಳಗಿನಿಂದ ಎದ್ದು ಬರುವಷ್ಟರಲ್ಲಿ ಕಾಬಿಲ್ ಕೈ ಬಿಟ್ಟಿದ್ದ. ಕ್ಲಚ್ಚು ಬಿಚ್ಚಿದ ಬೈಕನ್ನು ತಳ್ಳಿಕೊಂಡು ಬೈಯುತ್ತ ಹೋದ.

ಅವತ್ತೇ ಶೇರಾಲಿ ಅಕ್ಕನ ಎದುರಿಗೇ ಸಂಜಾರನಿಗೆ ಫೋನು ಮಾಡಿದ. ಅಕ್ಕನ ದನಿ ತೆಗಿ, ಇಲ್ಲದಿದ್ದರೆ ನನ್ನನ್ನೂ ತೆಗಿ ಎಂದ. ಸಿನಿಮಾ ಎಲ್ಲ ಕಡೆ ಹೋಗಿಬಿಟ್ಟಿದೆ, ಈಗ ಹೇಗೆ ಎಂದು ಸಂಜಾರ್ ಗೊಣಗಿದ. ಹಾಗಾದರೆ ಇನ್ನು ಯಾವ ಊರಲ್ಲೂ ನಾನು ತೆರೆಯ ಮುಂದೆ ನಿಲ್ಲುವುದಿಲ್ಲ, ನಿಂತರೂ ನಿನ್ನ ಆಣೆಯ ಕಥೆಯನ್ನೇ ಹೇಳುತ್ತೇನೆ ಎಂದು ಶೇರಾಲಿ ಫೋನು ಇಟ್ಟ. ಅವನ ಕಿವಿಗಳು ಕೆಂಪಾಗಿದ್ದವು. ಕುಲಿಪಾ ಚಹಾ ಬಸಿದು, ಮೊದಲ ಬಟ್ಟಲನ್ನು ಅವನ ಮುಂದಿಟ್ಟಳು.

ಬೇಸಿಗೆಯಲ್ಲಿ ಹೊಸ ಪ್ರತಿ ಬಂತು. ಕೂಗನ್ನು ಬೆಗಾಯಿ ತಾನೇ ಕೂಗಿದ್ದಳು. ಜೊತೆಗೆ ಸಂಜಾರನ ಸಂದೇಶವೂ ಬಂತು, ಕ್ಷಮಿಸು ಅಕ್ಕಾ ಎಂದು. ಕದ್ದದ್ದು ಇಡೀ ಸಭೆಯ ಮುಂದೆ, ಕ್ಷಮೆ ಮಾತ್ರ ಫೋನಿನೊಳಗೋ, ಬಂದು ಸಂತೆಯ ನಡುವೆ ನಿಂತು ಹೇಳಲಿ ಎಂದು ಅವಳು ಹೇಳಿಕಳಿಸಿದಳು. ಅವನು ಬರಲಿಲ್ಲ. ಹಳೆಯ ಪ್ರತಿ ಹೋದ ಕಡೆಯೆಲ್ಲ ಹೋಗಿತ್ತು. ಅದನ್ನು ಯಾರೂ ಹಿಂದಕ್ಕೆ ತರಲಾರರು. ಸಂತೆಯ ನಗು ಮಾತ್ರ ಸೀಮೆಎಣ್ಣೆಯ ಸುದ್ದಿ ಹರಡಿದ ಮೇಲೆ ನಿಂತಿತು.

ಹೊಸ ಪ್ರತಿಯನ್ನು ಮೊದಲು ತೋರಿಸಿದ್ದು ಸರೋವರದ ದಕ್ಷಿಣ ದಂಡೆಯ ಒಂದು ಹಳ್ಳಿಯಲ್ಲಿ. ಶೇರಾಲಿಯನ್ನು ಉರಾಲಿನಲ್ಲಿ ಕುಲಿಪಾಳೇ ಕರೆದೊಯ್ದಳು, ಆದರೆ ಒಳಗೆ ಕಾಲಿಡಲಿಲ್ಲ. ಹೊರಗೆ ಬಿಸಿಲಲ್ಲಿ ಕೂತು ಉರಾಲಿನ ಪ್ಲಗ್ಗು ಬಿಚ್ಚಿ ಉಜ್ಜುತ್ತಿದ್ದಳು. ಒಳಗಿನಿಂದ ಯಾರದೋ ತೆಳ್ಳಗಿನ ಕೂಗು ಕೇಳಿತು. ಚಪ್ಪಾಳೆಯಾಗಲಿ ಬಿಕ್ಕಾಗಲಿ ಕೇಳಲಿಲ್ಲ. ಸಿನಿಮಾ ಮುಗಿದ ಮೇಲೆ ಶೇರಾಲಿ ಬಂದು ತೊಟ್ಟಿಲಿನ ಅಂಚಿಗೆ ಒರಗಿದ.

"ಚೆನ್ನಾಗಿಲ್ಲ ಅಕ್ಕ ಅವಳ ಕೂಗು. ಜನಕ್ಕೆ ನಾಟಲೇ ಇಲ್ಲ."

"ನಾಟೋದು ಬೇಡ," ಎಂದಳು ಕುಲಿಪಾ. "ಹತ್ತು, ಗಾಳಿ ಏಳ್ತಿದೆ."